ಯಾವ ಸೋನಾರ್ ಕೊಳ್ಳಬೇಕು? ಮೊದಲು ದೋಣಿಯನ್ನು ನೋಡಿ

ನೀರಿಗೆ ಧ್ವನಿ ಬಿಟ್ಟು, ಮರಳಿ ಬರುವ ಪ್ರತಿಧ್ವನಿಯಿಂದ ಒಳಗೇನಿದೆ ಎಂದು ತೋರಿಸುವ ಯಂತ್ರ ಸೋನಾರ್. ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹಿನ್ನೀರಿನಲ್ಲಿ ಹರಿಗೋಲಿನ ಅಂಚಿಗೆ ಸೈಡ್ ಸ್ಕ್ಯಾನ್ ಸೋನಾರ್ ಕಟ್ಟಿಕೊಂಡು ಹೊರಟ ಮೊದಲ ಬೆಳಿಗ್ಗೆ ಅದರ ತೆರೆಯ (ಪರದೆಯ) ಮೇಲೆ ಮೂಡಿದ್ದು ಮೀನೂ ಅಲ್ಲ, ನೆಲವೂ ಅಲ್ಲ. ನಾದಿದ ಜೋಳದ ಹಿಟ್ಟಿನ ಮೇಲೆ ಬೆರಳೆಳೆದ ಹಾಗೆ ಸುರುಳಿ ಸುರುಳಿ ಗೆರೆಗಳು. ಒಂದೊಂದು ಹುಟ್ಟಿಗೂ ಹರಿಗೋಲು ಆಚೆಗಿಷ್ಟು, ಈಚೆಗಿಷ್ಟು ತಿರುಗುತ್ತಿತ್ತು. ಹುಟ್ಟು ಹಾಕುತ್ತಿದ್ದ ಕಾಕಾ ಸ್ವಲ್ಪ ಹೊತ್ತು ತೆರೆಯನ್ನೇ ನೋಡಿ, "ತಮ್ಮಾ, ನಿಮ್ಮ ಯಂತ್ರಕ್ಕೆ ತಲೆ ಸುತ್ತು ಬಂದಿದೆ" ಎಂದರು. ವಿದೇಶದಿಂದ ಬಂದ ಗೆಳೆಯನೊಬ್ಬನಿಂದ ಕಡ ತಂದ ಯಂತ್ರ ಅದು. ಬೆಲೆ ನನ್ನ ಬೈಕಿಗಿಂತ ಹೆಚ್ಚು.

ಬೀದರ್, ಕಲಬುರಗಿ, ಯಾದಗಿರಿಯ ಜಲಾಶಯಗಳಲ್ಲಿ ಮೀನು ಹಿಡಿಯುವವರು, ಗಾಳ ಹಾಕುವ ಹವ್ಯಾಸವಿರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಯಾವ ಕಂಪನಿಯದು ಒಳ್ಳೆಯದು?" ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು. ನಿಮ್ಮ ದೋಣಿ ಎಂಥದು, ನೀರಿನ ಆಳ ಎಷ್ಟು, ಹಿಡಿಯುವ ಮೀನು ಯಾವುದು ಎಂದು ತಿಳಿದರೆ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆ.

ಸೈಡ್ ಸ್ಕ್ಯಾನ್: ನೇರ ನಡೆಯುವವರಿಗೆ ಮಾತ್ರ

ಸಾಮಾನ್ಯ ಸೋನಾರ್ ನೇರ ಕೆಳಕ್ಕೆ ನೋಡುತ್ತದೆ. ಸೈಡ್ ಸ್ಕ್ಯಾನ್ ದೋಣಿಯ ಎಡಕ್ಕೂ ಬಲಕ್ಕೂ ಬೀಸಣಿಗೆಯಂತೆ ತೆಳ್ಳನೆಯ ಧ್ವನಿಯ ಪಟ್ಟಿಯನ್ನು ಹರಡುತ್ತದೆ. ಒಂದು ಮಿಡಿತಕ್ಕೆ ಒಂದು ಗೆರೆ ಸಿಗುತ್ತದೆ. ದೋಣಿ ಮುಂದೆ ಸರಿದಂತೆ ಗೆರೆಗಳು ಒಂದರ ಪಕ್ಕ ಒಂದು ಕೂಡಿಕೊಂಡು ಚಿತ್ರವಾಗುತ್ತದೆ, ಮಗ್ಗದಲ್ಲಿ ಎಳೆ ಎಳೆಯಾಗಿ ಬಟ್ಟೆ ಬೆಳೆಯುವಂತೆ. ಎಳೆ ಓರೆಯಾದರೆ ಬಟ್ಟೆ ಹಾಳು. ಹಾಗಾಗಿ ದೋಣಿ ನೇರವಾಗಿ, ಒಂದೇ ವೇಗದಲ್ಲಿ, ಗಂಟೆಗೆ ಸುಮಾರು 4ರಿಂದ 8 ಕಿಲೋಮೀಟರಿನಂತೆ ಸಾಗಬೇಕು. ಹರಿಗೋಲಿನ ಜಾಯಮಾನಕ್ಕೆ ಇದು ಒಗ್ಗುವುದಿಲ್ಲ. ಬುಟ್ಟಿಯಂತೆ ದುಂಡಗಿರುವುದರಿಂದಲೇ ಅದು ಕಲ್ಲಿಗೆ ತಾಗಿದರೂ ಸುಲಭಕ್ಕೆ ಮಗುಚುವುದಿಲ್ಲ, ಒಬ್ಬನೇ ತಲೆಯ ಮೇಲೆ ಹೊತ್ತು ದಂಡೆ ಹತ್ತಬಹುದು. ಆದರೆ ನೇರ ಹೋಗು ಎಂದರೆ ಹೋಗದು. ಎರಡು ಹರಿಗೋಲುಗಳನ್ನು ಬಿದಿರಿಗೆ ಕಟ್ಟಿಯೂ ನೋಡಿದೆವು. ಸುತ್ತುವುದು ಕಡಿಮೆಯಾಯಿತು, ವೇಗ ಮಾತ್ರ ಸಾಲಲಿಲ್ಲ.

ನಿಮ್ಮಲ್ಲಿರುವುದು ಹರಿಗೋಲು ಮಾತ್ರವಾದರೆ ಸೈಡ್ ಸ್ಕ್ಯಾನಿನ ಆಸೆಯನ್ನು ಇಲ್ಲಿಗೇ ಬಿಡಿ. ಫೈಬರ್ ದೋಣಿಯೂ ಸಣ್ಣ ಮೋಟಾರೂ ಇದ್ದರೆ ಮುಂದೆ ಓದಿ.

ಎರಡನೆಯ ಸಲ ನಾವು ಹೊರಟದ್ದು ಅಂಥ ದೋಣಿಯಲ್ಲಿ. ಗಾಳಿ ಏಳುವ ಮುನ್ನ, ಬೆಳಿಗ್ಗೆ ಆರೂವರೆಗೆ. ತೆರೆಯ ನಡುವೆ ಕಪ್ಪು ಪಟ್ಟಿಯೊಂದು ಕಾಣುತ್ತದೆ. ಅದು ನಮ್ಮ ಕೆಳಗಿನ ನೀರು. ಪಟ್ಟಿ ಅಗಲವಾದಷ್ಟೂ ಆಳ ಹೆಚ್ಚು. ಅದರ ಎರಡೂ ಕಡೆ ನೆಲ, ಹಳೆಯ ಫೋಟೋದಂತೆ ಕಂದು ಬಣ್ಣದಲ್ಲಿ. ಮೊದಲು ಬಂದದ್ದು ಜಾಲಿ ಮರಗಳ ಬೊಡ್ಡೆಗಳು. ಪ್ರತಿ ಬೊಡ್ಡೆಗೂ ಒಂದು ಬೆಳ್ಳನೆಯ ಚುಕ್ಕೆ, ಅದರ ಹಿಂದೆ ಉದ್ದನೆಯ ಕರಿ ನೆರಳು. ಧ್ವನಿ ಬಡಿದ ಜಾಗ ಬಿಳಿ, ಧ್ವನಿ ತಲುಪದ ಜಾಗ ಕಪ್ಪು. ನೆಲದಿಂದ ಎದ್ದು ನಿಂತ ವಸ್ತುವಾದರೆ ಮೊದಲು ಬಿಳಿ, ಆಮೇಲೆ ಕಪ್ಪು. ತಗ್ಗಾದರೆ ತಿರುವುಮುರುವು: ಹತ್ತಿರದ ಅಂಚು ಕಪ್ಪು, ಆಚೆಯ ಗೋಡೆ ಬಿಳಿ.

ಎಡಗಡೆ ಅಂಥದೇ ಒಂದು ಚೌಕ ಬಂತು. ಹತ್ತಿರದ ಅರ್ಧ ಕಪ್ಪು, ಆಚೆಯ ಅಂಚು ಕತ್ತರಿಸಿದಂತೆ ನೇರ ಬಿಳಿ ಗೆರೆ, ಒಂದು ಮೂಲೆಯಲ್ಲಿ ಮೆಟ್ಟಿಲಿನಂತೆ ಹಲ್ಲು ಹಲ್ಲು. ಸುತ್ತ ಜೋಳದ ಕಾಳು ಚೆಲ್ಲಿದಂತೆ ಬೆಳ್ಳನೆಯ ಚುಕ್ಕೆಗಳು. ನಾನು ಮೀನು ಎಣಿಸುತ್ತಿದ್ದೆ. ಕಾಕಾ ಚೌಕದ ಮೇಲೆ ಬೆರಳಿಟ್ಟು, "ಇದು ನಮ್ಮ ಹೊಲದ ಬಾವಿ" ಎಂದರು. ಜಲಾಶಯ ತುಂಬುವ ಮೊದಲು ಅವರ ಮನೆಯವರು ಅದೇ ಬಾವಿಯಿಂದ ಕಪಿಲೆ ಹೊಡೆದು ನೀರೆತ್ತುತ್ತಿದ್ದರಂತೆ. ಮುಂದಿನ ಕಾಲು ಗಂಟೆ ಅವರು ಮೀನಿನ ಮಾತು ಆಡಲಿಲ್ಲ. ಬಾವಿಯಿಂದ ಮನೆಯ ಕಡೆಗೆ ದಾರಿ ಕಾಣುತ್ತದೆಯೇ ಎಂದು ಹುಡುಕಿದರು. ದಾರಿ ಕಾಣಲಿಲ್ಲ, ಹೂಳು ಮುಚ್ಚಿತ್ತು.

ಸೈಡ್ ಸ್ಕ್ಯಾನಿನ ನಿಜವಾದ ಲಾಭ ನನಗೆ ಅರ್ಥವಾದದ್ದು ಆಗ. ಅದು ಮೀನನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಮೀನಿನ ಮನೆಯನ್ನು ತೋರಿಸುತ್ತದೆ. ಇಂದು ಕಂಡ ಮೀನು ಬಲೆ ಬಿಚ್ಚುವಷ್ಟರಲ್ಲಿ ಎಲ್ಲಿರುತ್ತದೋ ಯಾರಿಗೆ ಗೊತ್ತು? ಬಾವಿ, ಮುಳುಗಿದ ಗೋಡೆ, ಹಳೆಯ ಹಳ್ಳದ ದಂಡೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಯಂತ್ರದಲ್ಲಿರುವ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡರೆ ಮುಂದಿನ ವರ್ಷಕ್ಕೂ ಆಯಿತು. ಬಲೆ ಹಾಕುವವರಿಗೆ ಇನ್ನೊಂದು ಲಾಭವಿದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು: ಬಲೆಯನ್ನು ಹರಿಯುವ ಜಾಲಿ ಬೊಡ್ಡೆ ಎಲ್ಲಿವೆ ಎಂದು ಮೊದಲೇ ತಿಳಿಯುತ್ತದೆ.

ಇದು ಮೀನಿಗಾಗಿ ಹುಟ್ಟಿದ ಯಂತ್ರವೂ ಅಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಹೆರಾಲ್ಡ್ ಎಡ್ಜರ್ಟನ್, ಮಾರ್ಟಿನ್ ಕ್ಲೈನ್ ಅವರಂಥ ಎಂಜಿನಿಯರುಗಳು ಇದನ್ನು ಬೆಳೆಸಿದ್ದು ಸಮುದ್ರದ ತಳವನ್ನೂ ಮುಳುಗಿದ ಹಡಗುಗಳನ್ನೂ ನೋಡುವುದಕ್ಕೆ. ಚಿಕ್ಕ ದೋಣಿಯ ಮೀನುಗಾರರ ಕೈಗೆ ಬಂದದ್ದು 2005ರಲ್ಲಿ, ಹಮ್ಮಿನ್‌ಬರ್ಡ್ ಕಂಪನಿಯ ಮೂಲಕ. ಆಮೇಲೆ ಲೋರೆನ್ಸ್, ಗಾರ್ಮಿನ್ ಕಂಪನಿಗಳೂ ತಂದವು.

ನೆರಳಿನಿಂದ ಮೀನಿನ ಎತ್ತರ

ಸೈಡ್ ಸ್ಕ್ಯಾನ್ ಚಿತ್ರದಲ್ಲಿ ಮೀನು ಅಕ್ಕಿಕಾಳಿನಷ್ಟು ಬಿಳಿ ಗೀಟು. ಅದಕ್ಕೂ ಅದರ ನೆರಳಿಗೂ ನಡುವೆ ಅಂತರವಿದ್ದರೆ ಮೀನು ನೆಲ ಬಿಟ್ಟು ಮೇಲೆ ಈಜುತ್ತಿದೆ ಎಂದರ್ಥ. ನೆರಳು ಅಂಟಿಕೊಂಡಿದ್ದರೆ ತಳದಲ್ಲಿದೆ. ಎಷ್ಟು ಮೇಲಿದೆ ಎಂಬುದಕ್ಕೆ ಶಾಲೆಯ ಸಮರೂಪ ತ್ರಿಕೋನದ ಲೆಕ್ಕ ಸಾಕು. ನೀರಿನ ಆಳ 12 ಮೀಟರ್, ಮೀನು ತೆರೆಯ ಮೇಲೆ 24 ಮೀಟರ್ ದೂರದಲ್ಲಿ, ನೆರಳು 30 ಮೀಟರ್ ದೂರದಲ್ಲಿ ಇದೆ ಎನ್ನಿ. ಎರಡರ ವ್ಯತ್ಯಾಸ 6. ಅದನ್ನು 30ರಿಂದ ಭಾಗಿಸಿ 12ರಿಂದ ಗುಣಿಸಿದರೆ 2.4. ಮೀನು ನೆಲದಿಂದ ಎರಡೂವರೆ ಮೀಟರಿನಷ್ಟು ಮೇಲಿದೆ. ಗಾಳದ ದಾರವನ್ನು ಎಷ್ಟು ಇಳಿಬಿಡಬೇಕು ಎಂಬುದು ಇಲ್ಲಿಂದ ತಿಳಿಯುತ್ತದೆ.

ಎಷ್ಟು ದೂರದವರೆಗೆ ನೋಡುವಂತೆ ಯಂತ್ರವನ್ನು ಹೊಂದಿಸಬೇಕು? ಆಳದ ಮೂರು, ನಾಲ್ಕು ಪಟ್ಟು. 8 ಮೀಟರ್ ಆಳಕ್ಕೆ ಒಂದೊಂದು ಬದಿಗೆ 25, 30 ಮೀಟರ್. ಹೆಚ್ಚು ಇಟ್ಟರೆ ಮೀನು ಸಾಸಿವೆಯಷ್ಟಾಗಿ ಕಣ್ಣಿಗೇ ಬೀಳುವುದಿಲ್ಲ. ಬಹಳ ಆಳದ ಸರೋವರಗಳಲ್ಲಿ ಸೈಡ್ ಸ್ಕ್ಯಾನ್ ಸೋಲುವುದೂ ಇದೇ ಕಾರಣಕ್ಕೆ. 40 ಮೀಟರ್ ಆಳದಲ್ಲಿ 40 ಮೀಟರ್ ವ್ಯಾಪ್ತಿ ಇಟ್ಟರೆ ತೆರೆಯ ತುಂಬ ಬರೀ ನೀರು, ನೆಲ ಶುರುವಾಗುವಷ್ಟರಲ್ಲಿ ತೆರೆ ಮುಗಿದಿರುತ್ತದೆ. ವ್ಯಾಪ್ತಿ ಹೆಚ್ಚಿಸಿದರೆ ಧ್ವನಿ ಸೊರಗುತ್ತದೆ. ಅಂಥ ನೀರಿಗೆ ಕೆಳಮುಖದ ಹಳೆಯ ಸೋನಾರೇ ಸರಿ. ನಮ್ಮ ಕಡೆ ಈ ತೊಂದರೆ ಕಡಿಮೆ. ಬಯಲು ನೆಲದ ಜಲಾಶಯಗಳು ಆಳಕ್ಕಿಂತ ಹರವಿನಲ್ಲಿ ದೊಡ್ಡವು. ಯಾದಗಿರಿಯ ನಾರಾಯಣಪುರದ ಬಸವ ಸಾಗರ ಅಣೆಕಟ್ಟೆಯ ಉದ್ದ ಹತ್ತು ಕಿಲೋಮೀಟರ್ ದಾಟುತ್ತದೆ, ಎತ್ತರ 30 ಮೀಟರಿನೊಳಗೆ.

ಕಂಪನಾಂಕದ, ಅಂದರೆ ಧ್ವನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದರ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಸೈಡ್ ಸ್ಕ್ಯಾನ್ ಯಂತ್ರಗಳಲ್ಲಿ 455 ಕಿಲೋಹರ್ಟ್ಸ್, 800 ಕಿಲೋಹರ್ಟ್ಸ್, 1.2 ಮೆಗಾಹರ್ಟ್ಸ್ ಇರುತ್ತವೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಆದ್ದರಿಂದ ಅಲೆಯ ಉದ್ದ 455ರಲ್ಲಿ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು, 1.2 ಮೆಗಾಹರ್ಟ್ಸ್‌ನಲ್ಲಿ ಒಂದೂಕಾಲು ಮಿಲಿಮೀಟರ್. ಚಿಕ್ಕ ಅಲೆ ಚೂಪಾದ ಚಿತ್ರ ಕೊಡುತ್ತದೆ, ಆದರೆ ದೂರ ಹೋಗುವುದಿಲ್ಲ. ಮೊದಲ ಮಳೆಗೆ ಎರೆಮಣ್ಣು ಕರಗಿ ಬಂದ ನೀರಿನಲ್ಲಿ ಇನ್ನೂ ಬೇಗ ಸೋಲುತ್ತದೆ. ಜಾಹೀರಾತಿನಲ್ಲಿ ತೋರಿಸುವುದು ತಿಳಿನೀರಿನಲ್ಲಿ ತೆಗೆದ 1.2 ಮೆಗಾಹರ್ಟ್ಸ್ ಚಿತ್ರ. ಇಲ್ಲಿ ನಾನು ಹೆಚ್ಚು ಹೊತ್ತು ಬಳಸಿದ್ದು 455.

ಕೆಳಮುಖದ 2ಡಿ: ಬಡವರ ಬಂಧು

ನೇರ ಕೆಳಕ್ಕೆ ನೋಡುವ ಸಾಮಾನ್ಯ ಸೋನಾರಿಗೆ 2ಡಿ ಎನ್ನುತ್ತಾರೆ. ಹರಿಗೋಲಿನವರಿಗೆ ನನ್ನ ಉತ್ತರ ಇದೇ. ಹರಿಗೋಲು ಎಷ್ಟೇ ಸುತ್ತಲಿ, ಕೆಳಗೆ ನೋಡುವ ಯಂತ್ರಕ್ಕೆ ಕೆಳಗು ಕೆಳಗೇ. ಐದು ಇಂಚಿನ ತೆರೆಯ ಸರಳ ಯಂತ್ರ ಸೈಡ್ ಸ್ಕ್ಯಾನಿಗಿಂತ ಅಗ್ಗಕ್ಕೆ ಸಿಗುತ್ತದೆ. ಆಳ, ತಳ ಗಟ್ಟಿಯೋ ಕೆಸರೋ, ನಡುನೀರಿನಲ್ಲಿ ಏನಾದರೂ ಇದೆಯೋ ಎಂಬುದಿಷ್ಟು ತಿಳಿಯುತ್ತದೆ.

ಇದರ ಕೊರತೆ ನೋಟದ ಅಗಲ. 200 ಕಿಲೋಹರ್ಟ್ಸ್‌ನ ಧ್ವನಿ ಸುಮಾರು 20 ಡಿಗ್ರಿಯ ಶಂಕುವಾಗಿ ಇಳಿಯುತ್ತದೆ. 10 ಮೀಟರ್ ಆಳದಲ್ಲಿ ಅದು ಕಾಣುವ ವೃತ್ತದ ಅಡ್ಡಳತೆ ಮೂರೂವರೆ ಮೀಟರ್ ಮಾತ್ರ. ಅದೇ ಆಳದಲ್ಲಿ ಸೈಡ್ ಸ್ಕ್ಯಾನ್ ಎರಡೂ ಬದಿ ಸೇರಿ 60 ಮೀಟರ್ ಗುಡಿಸುತ್ತದೆ. ಕಂದೀಲು ಹಿಡಿದು ಹೊಲ ಹುಡುಕುವುದಕ್ಕೂ ದೊಡ್ಡ ಟಾರ್ಚ್ ಬಿಟ್ಟು ಹುಡುಕುವುದಕ್ಕೂ ಇರುವಷ್ಟು ವ್ಯತ್ಯಾಸ.

ಇನ್ನೊಂದು ಕೊರತೆ ಮೀನಿನ ಜಾತಿಗೆ ಸಂಬಂಧಿಸಿದ್ದು. ಕಾಟ್ಲಾ ಮೇಲುನೀರಿನಲ್ಲಿ ಮೇಯುತ್ತದೆ. ದೋಣಿ ತಲೆಯ ಮೇಲೆ ಬಂದರೆ ಪಕ್ಕಕ್ಕೆ ಸರಿಯುತ್ತದೆ. ಅಲ್ಲದೆ ಮೇಲಿನ ಒಂದು ಮೀಟರಿನಷ್ಟು ನೀರಿನಲ್ಲಿ 2ಡಿ ಹೆಚ್ಚುಕಡಿಮೆ ಕುರುಡು. ದೂರದಿಂದ ಪಕ್ಕಕ್ಕೆ ನೋಡುವ ಸೈಡ್ ಸ್ಕ್ಯಾನ್ ಇಲ್ಲಿ ಗೆಲ್ಲುತ್ತದೆ, ನೀರು ಅಲುಗದಿದ್ದರೆ. ನಡುನೀರಿನ ರೋಹುವಿಗೆ 2ಡಿ ಸಾಕು. ತಳ ಕೆದಕುವ ಮೃಗಾಲ್ 2ಡಿಯಲ್ಲಿ ನೆಲದ ದಪ್ಪ ಗೆರೆಯಲ್ಲೇ ಅಡಗಿಬಿಡುತ್ತದೆ. ಗಿಡಗಂಟಿಯ ತೆಳುನೀರಿನಲ್ಲಿ ಕೂರುವ ಕೊರವ ಮೀನಿಗೆ ಯಾವ ಸೋನಾರೂ ಬೇಡ. ಅದು ಉಸಿರಿಗೆ ಮೇಲೆ ಬರಲೇಬೇಕು, ಗುಳ್ಳೆ ನೋಡುವ ಕಣ್ಣಿದ್ದರೆ ಸಾಕು.

2ಡಿ ತೆರೆಯ ಮೇಲೆ ಮೀನು ಕಮಾನಿನಂತೆ ಕಾಣುವುದನ್ನು ನೋಡಿ ಅದು ಮೀನಿನ ಬೆನ್ನಿನ ಆಕಾರ ಎಂದುಕೊಳ್ಳುವವರಿದ್ದಾರೆ. ದೋಣಿ ಮೀನಿನ ಮೇಲೆ ಹಾಯುವಾಗ ಶಂಕುವಿನ ಅಂಚಿನಲ್ಲಿ ದೂರ ಹೆಚ್ಚು, ನಡುವೆ ಕಡಿಮೆ, ಮತ್ತೆ ಅಂಚಿನಲ್ಲಿ ಹೆಚ್ಚು. ಅದರಿಂದ ಕಮಾನು. ದೋಣಿ ನಿಂತಿದ್ದು ಮೀನೂ ನಿಂತಿದ್ದರೆ ಉದ್ದನೆಯ ಗೆರೆ ಬರುತ್ತದೆ, ಅದನ್ನು ಹಗ್ಗ ಎಂದುಕೊಂಡು ಬಿಟ್ಟುಬಿಡಬೇಡಿ. ಇನ್ನು ತೆರೆಯ ಮೇಲೆ ಪುಟ್ಟ ಮೀನಿನ ಬೊಂಬೆ ತೋರಿಸುವ ಸೌಲಭ್ಯವನ್ನು ಮೊದಲ ದಿನವೇ ಆರಿಸಿ. ಕೊಳೆತ ಕೆಸರಿನಿಂದ ಏಳುವ ಗುಳ್ಳೆಗೂ ಅದು ಮೀನಿನ ಬೊಂಬೆ ಬರೆಯುತ್ತದೆ. ಯಂತ್ರದ ತಪ್ಪಲ್ಲ: ಮೀನಿನ ದೇಹದಲ್ಲಿ ಧ್ವನಿಯನ್ನು ಹೆಚ್ಚು ಹಿಂದಕ್ಕೆ ಎಸೆಯುವುದು ಅದರ ಗಾಳಿಚೀಲ, ಗುಳ್ಳೆಯೂ ಗಾಳಿಯೇ. ಮೇಲಕ್ಕೆ ಓರೆಯಾಗಿ ಏರುವ ಗೆರೆ ಕಂಡರೆ ಅದು ಬಹುಮಟ್ಟಿಗೆ ಗುಳ್ಳೆ.

ಡೌನ್ ಇಮೇಜಿಂಗ್ ಎಂಬುದೊಂದಿದೆ. ಸೈಡ್ ಸ್ಕ್ಯಾನಿನಷ್ಟೇ ತೆಳ್ಳನೆಯ ಪಟ್ಟಿ, ಕೆಳಮುಖವಾಗಿ. ಕೊಂಬೆ ಯಾವುದು, ಮೀನು ಯಾವುದು ಎಂದು ಬಿಡಿಸಿ ತೋರಿಸುತ್ತದೆ. ಇದೂ ನೇರ ನಡಿಗೆಯನ್ನೇ ಬೇಡುತ್ತದೆ. ಬಿಡಿಯಾಗಿ ಇದಕ್ಕೆಂದು ಹಣ ಹಾಕುವ ಅಗತ್ಯ ನನಗೆ ಕಂಡಿಲ್ಲ. ಸೈಡ್ ಸ್ಕ್ಯಾನ್ ಕೊಂಡರೆ ಸಾಮಾನ್ಯವಾಗಿ ಜೊತೆಗೇ ಬರುತ್ತದೆ.

ಲೈವ್ ಸೋನಾರ್

2018ರಲ್ಲಿ ಗಾರ್ಮಿನ್ ಲೈವ್‌ಸ್ಕೋಪ್ ತಂದ ಮೇಲೆ ಗಾಳದ ಹವ್ಯಾಸಿಗಳ ಲೋಕವೇ ಬದಲಾಯಿತು. ಇದರಲ್ಲಿ ಮೀನು ಓಡಾಡುವುದು, ಗಾಳದ ಹತ್ತಿರ ಬಂದು ಮೂಸಿ ಹಿಂದಿರುಗುವುದು ಆ ಕ್ಷಣಕ್ಕೇ ಕಾಣುತ್ತದೆ. ದೋಣಿ ನಿಂತಿದ್ದರೂ ನಡೆಯುತ್ತದೆ, ಕೋಲಿಗೆ ಕಟ್ಟಿ ಬೇಕಾದ ಕಡೆ ತಿರುಗಿಸಬಹುದು. ಲೆಕ್ಕಕ್ಕೆ ಹರಿಗೋಲಿಗೂ ಹೊಂದುತ್ತದೆ. ಆದರೆ ನೀರಿಗೆ ಧ್ವನಿ ಬಿಟ್ಟು ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್, ಅದನ್ನು ಚಿತ್ರವಾಗಿಸುವ ಡಬ್ಬಿ, ತೆರೆ ಎಲ್ಲ ಸೇರಿದರೆ ಎರಡು ಲಕ್ಷ ದಾಟುತ್ತದೆ, ದೊಡ್ಡ ಬ್ಯಾಟರಿ ಬೇರೆ ಬೇಕು. ಒಂದೊಂದೇ ಮೀನನ್ನು ಬೆನ್ನಟ್ಟುವವರ ಆಟಿಕೆ ಅದು. ಬಲೆ ಹಾಕಿ ಹೊಟ್ಟೆ ಹೊರೆಯುವವರು ಅದಕ್ಕೆ ಸಾಲ ಮಾಡುವುದನ್ನು ನೋಡಿದರೆ ನಾನು ಕೈ ಹಿಡಿದು ನಿಲ್ಲಿಸುತ್ತೇನೆ.

ಎಸೆಯುವ ಚೆಂಡು

ದೋಣಿಯೇ ಇಲ್ಲದವರಿಗೆ ಚೆಂಡಿನಂಥ ಸೋನಾರ್ ಇದೆ. ಗಾಳದ ದಾರದ ತುದಿಗೆ ಕಟ್ಟಿ ಎಸೆದರೆ ನೀರಿನ ಮೇಲೆ ತೇಲುತ್ತ ಮೊಬೈಲಿಗೆ ಆಳವನ್ನೂ ಮೀನನ್ನೂ ಕಳುಹಿಸುತ್ತದೆ. ಒಳಗಿರುವುದು 2ಡಿಯೇ. ಭೀಮಾ ನದಿಯಲ್ಲಿ ಸೊನ್ನ, ಸನ್ನತಿ ಬ್ಯಾರೇಜುಗಳ ಹಿಂದಿನ ನಿಂತ ನೀರಿನಲ್ಲಿ ದಂಡೆಯಿಂದ ಗಾಳ ಹಾಕುವವರು ಮಡು ಎಲ್ಲಿದೆ ಎಂದು ಹುಡುಕಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಎಸೆದು ನಿಧಾನಕ್ಕೆ ಸುತ್ತಿಕೊಂಡರೆ ನೆಲದ ಇಳಿಜಾರು ಪೂರ್ತಿ ಬರುತ್ತದೆ. ದಾರ ಮಾತ್ರ ಗಟ್ಟಿಯದಿರಲಿ. ನನ್ನದೊಂದು ಚೆಂಡು ಈಗಲೂ ಸನ್ನತಿಯ ಆಚೆ ಎಲ್ಲೋ ಜಾಲಿ ಕೊಂಬೆಯಲ್ಲಿದೆ.

ಖಣಿಯ ನೀರು

ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ಫರಸಿ ಕಲ್ಲು ತೆಗೆದು ಬಿಟ್ಟ ಖಣಿಗಳು ನೀರು ತುಂಬಿಕೊಂಡಿವೆ. ನೋಡಲು ಹೊಂಡ, ಒಳಗೆ ನೇರ ಗೋಡೆ. ಸೈಡ್ ಸ್ಕ್ಯಾನ್ ತಂದು ಇಲ್ಲಿ ಮೆರೆಯೋಣವೆಂದರೆ ಧ್ವನಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದು ಒಂದೇ ಗೋಡೆ ಎರಡು ಮೂರಾಗಿ ಕಾಣುತ್ತದೆ. ಇಕ್ಕಟ್ಟಿನಲ್ಲಿ ದೋಣಿಗೆ ನೇರ ಓಟವೂ ಸಿಗದು. ಇಲ್ಲಿ 2ಡಿ ಅಥವಾ ಚೆಂಡು ಒಳ್ಳೆಯದು. ಗಾಳಿ ಹೊಗದ ಆಳದ ಖಣಿಯಲ್ಲಿ ಬೇಸಿಗೆಗೆ ಮೇಲೆ ಬಿಸಿ ನೀರು, ಕೆಳಗೆ ತಣ್ಣೀರು ಪದರವಾಗಿ ನಿಲ್ಲುತ್ತವೆ. 2ಡಿಯ ಸೂಕ್ಷ್ಮತೆ ಹೆಚ್ಚಿಸಿದರೆ ನಡುನೀರಿನಲ್ಲಿ ಮಸುಕಾದ ಅಡ್ಡಗೆರೆಯಾಗಿ ಆ ಪದರ ಕಾಣುವುದುಂಟು. ಅದರ ಕೆಳಗೆ ಆಮ್ಲಜನಕ ಕಡಿಮೆ, ಗಾಳವನ್ನು ಅಲ್ಲಿಗೆ ಇಳಿಸಿ ಕಾಯುವುದು ದಂಡ. ಖಣಿಯ ಅಂಚು ಕುಸಿಯುತ್ತದೆ, ಒಬ್ಬರೇ ಹೋಗಬೇಡಿ.

ಬ್ಯಾಟರಿ, ಕಟ್ಟುವ ರೀತಿ, ಅನುಮತಿ

ಏಳು ಇಂಚಿನ ಸೈಡ್ ಸ್ಕ್ಯಾನ್ ಯಂತ್ರ ಹನ್ನೆರಡು ವೋಲ್ಟ್‌ನಲ್ಲಿ ಒಂದು ಆಂಪಿಯರ್ ಇಲ್ಲವೇ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಕಂಪ್ಯೂಟರ್ ಯುಪಿಎಸ್‌ನ 7 ಆಂಪಿಯರ್ ಅವರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಮೂರು ಗಂಟೆ. ಬೆಳಗಿನ ಒಂದು ಸುತ್ತಿಗೆ ಅದು ಸಾಕು. ಟ್ರಾನ್ಸ್‌ಡ್ಯೂಸರನ್ನು ಪಿವಿಸಿ ಪೈಪಿಗೆ ಬಿಗಿದು ನೀರಿನೊಳಗೆ ಒಂದು ಗೇಣು ಇಳಿಸಿ, ಮೋಟಾರಿನ ರೆಕ್ಕೆಯಿಂದ ದೂರವಿಡಿ. ರೆಕ್ಕೆ ಎಬ್ಬಿಸುವ ಗುಳ್ಳೆ ಅರ್ಧ ಚಿತ್ರವನ್ನು ನುಂಗುತ್ತದೆ. ಎಡಬಲಕ್ಕೆ ವಾಲದಂತೆ ನೋಡಿಕೊಳ್ಳಿ. ವಾಲಿದರೆ ಒಂದು ಬದಿ ಆಕಾಶ ನೋಡುತ್ತದೆ. ಕೊಳ್ಳುವಾಗ ಟ್ರಾನ್ಸ್‌ಡ್ಯೂಸರಿನ ಕೇಬಲ್ ಹೆಚ್ಚುವರಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಮೊದಲು ಕೈಕೊಡುವುದು ಅದೇ, ಇಲಿ ಕಡಿದಾದರೂ ಸರಿ, ಹುಟ್ಟು ಬಡಿದಾದರೂ ಸರಿ. ಜಲಾಶಯಗಳಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಅಣೆಕಟ್ಟೆಯ ಹತ್ತಿರ ಯಂತ್ರ ಹಿಡಿದು ಅಡ್ಡಾಡುವ ಮೊದಲು ಅಲ್ಲಿನವರಿಗೆ ಹೇಳಿ ಹೋಗಿ.

ಸೈಡ್ ಸ್ಕ್ಯಾನ್ ಒಬ್ಬರೇ ಕೊಳ್ಳುವುದಕ್ಕಿಂತ ಮೀನುಗಾರರ ಸಂಘ ಒಂದನ್ನು ಕೊಂಡು, ವರ್ಷಕ್ಕೆ ಒಂದು ವಾರ ಹಿನ್ನೀರನ್ನೆಲ್ಲ ಉಳುವಂತೆ ಸಾಲು ಸಾಲಾಗಿ ಓಡಿಸಿ ಬೊಡ್ಡೆ, ಬಾವಿ, ಗೋಡೆಗಳ ಗುರುತು ಹಾಕಿ ಎಲ್ಲರಿಗೂ ಹಂಚಿದರೆ ನನಗೆ ಸರಿ ಕಾಣುತ್ತದೆ. ಉಳಿದ ದಿನ ಹರಿಗೋಲಿನಲ್ಲಿ 2ಡಿ, ಜೇಬಿನಲ್ಲಿ ಆ ಗುರುತುಗಳಿರುವ ಮೊಬೈಲ್.

ಕಾಸಿಲ್ಲದ ಆಯ್ಕೆ

ಕಡ ತಂದ ಯಂತ್ರವನ್ನು ಹಿಂದಿರುಗಿಸಿ ಬಂದ ಮೇಲೆ ಕಾಕಾ ಕೇಳಿದರು: "ಬೇಸಿಗೆಗೆ ನೀರು ಇಳಿದಾಗ ಅದೇ ನೆಲದ ಮೇಲೆ ನಾವು ನಡೆದಾಡುವುದಿಲ್ಲವೇ?" ಏಪ್ರಿಲ್ ಕೊನೆಗೆ ಇಬ್ಬರೂ ಹೊರಟೆವು. ಹಿನ್ನೀರು ದೂರ ಸರಿದು ಎರೆಮಣ್ಣು ಅಂಗೈ ಅಗಲ ಬಿರುಕು ಬಿಟ್ಟಿತ್ತು. ಅವರು ಮುಂದೆ ಕೋಲೂರಿಕೊಂಡು, ನಾನು ಹಿಂದೆ ಮೊಬೈಲ್ ಹಿಡಿದುಕೊಂಡು. ಎದುರಾದ ಜಾಲಿ ಬೊಡ್ಡೆಗೆ, ಕಲ್ಲಿನ ಗುಪ್ಪೆಗೆ, ಬದುವಿಗೆ ನಕ್ಷೆಯಲ್ಲಿ ಒಂದೊಂದು ಗುರುತು ಒತ್ತಿದೆ. ಎರಡು ಬೆಳಿಗ್ಗೆಯಲ್ಲಿ ನೂರಕ್ಕೂ ಹೆಚ್ಚು ಆದವು. ಖರ್ಚು ಎರಡು ಬಾಟಲಿ ನೀರು, ಒಂದು ಪೊಟ್ಟಣ ಚುರುಮುರಿ. ಮಳೆ ಬಂದು ಜಲಾಶಯ ತುಂಬಿದ ಮೇಲೆ ಅದೇ ಗುರುತುಗಳ ಮೇಲೆ ಹರಿಗೋಲು ನಿಲ್ಲಿಸಿ 2ಡಿ ಬಿಟ್ಟರೆ ಬೊಡ್ಡೆಗಳು ಇದ್ದಲ್ಲೇ ಇದ್ದವು, ಬಲೆಯನ್ನು ಅವುಗಳ ನಡುವೆ ಹಾಯಿಸಿದೆವು.

ಕಾಲಿಗೆ ದಕ್ಕದೆ ಉಳಿದದ್ದು ಎಂದೂ ಬತ್ತದ ಹಳೆಯ ನದಿಪಾತ್ರ, ಮತ್ತು ಅದರ ದಂಡೆಯ ಬಳಿಯಿದ್ದ ಆ ಬಾವಿ. ಅಷ್ಟಕ್ಕೆ ಮಾತ್ರ ಗೆಳೆಯನ ಯಂತ್ರವನ್ನು ಇನ್ನೊಮ್ಮೆ ಕೇಳಬೇಕಾಯಿತು.